ಏಳನೇ ಪೀಪಾಯಿಯ ರುಚಿ

ವಿಸ್ಕಿಯ ರುಚಿ ನೋಡಿ ಹೇಳುವುದು ಇಪ್ಪತ್ತು ವರ್ಷಗಳಿಂದ ನನ್ನ ಕಸುಬು. ನನ್ನ ಷಡ್ಡಕ ಸಿಂಗಲ್ ಮಾಲ್ಟಿನ ಒಂದೊಂದೇ ಪೀಪಾಯಿ ಕೊಂಡುತಂದು, ಬಾಟಲಿಗೆ ತುಂಬಿ, ತನ್ನದೇ ಚೀಟಿ ಅಂಟಿಸಿ ಮಾರುತ್ತಾನೆ. ಒಂದು ಮಧ್ಯಾಹ್ನ ಕರೆದನೆಂದು ಅವನ ಗೋದಾಮಿಗೆ ಹೋದೆ. ಅವತ್ತು ಯಾಕೋ ಅವನು ಬಾಗಿಲು ಬಿಟ್ಟು ಒಳಗೆ ಬರಲಿಲ್ಲ.

"ಅಲ್ಲಿ ಬಗ್ಗಿಸಿಟ್ಟಿದ್ದೀನಲ್ಲ, ಅದು ಏಳನೇ ಪೀಪಾಯಿದು. ನೀವೇ ನೋಡಿ, ನಾನಂತೂ ಮುಟ್ಟಲ್ಲ," ಅಂದ.

ಲೋಟ ತಣ್ಣಗಿತ್ತು. ಒಳಗಿನ ವಿಸ್ಕಿ ಮಾತ್ರ ಉಗುರುಬೆಚ್ಚಗಿತ್ತು, ಈಗಷ್ಟೇ ಯಾರದೋ ಬಾಯಲ್ಲಿದ್ದು ಬಂದಂತೆ. ಮೊದಲು ಜೇನಿನ ವಾಸನೆ, ಅದರ ಹಿಂದೆಯೇ ಹಳಸಿದ ಉಸಿರಿನದು. ನಾಲಿಗೆಯ ಮೇಲೆ ಹೊರಳಿಸಿ, ಕಸುಬಿನ ರೂಢಿಯಂತೆ ಬಕೆಟ್ಟಿಗೆ ಉಗುಳಿದೆ. ಬಾಯಿ ಒರೆಸಿಕೊಳ್ಳುವಷ್ಟರಲ್ಲಿ ಬಕೆಟ್ಟಿನೊಳಗೆ ಇನ್ನೊಂದು ಉಗುಳು ಬಿದ್ದ ಸದ್ದಾಯಿತು.

ಹಟಕ್ಕೆ ಬಿದ್ದು ಇನ್ನೊಂದು ಗುಟುಕು ತೆಗೆದುಕೊಂಡೆ. ನಾನು ಉಗುಳುವುದರೊಳಗೆ ಕಿವಿಯ ಪಕ್ಕದಲ್ಲೇ "ಥೂ!" ಅಂತ ಕೇಳಿಸಿ ಕೆನ್ನೆ ಒದ್ದೆಯಾಯಿತು. ಮುಟ್ಟಿ ಮೂಸಿದರೆ ಅದೇ ಜೇನು.

"ಮುಖಕ್ಕೇ ಉಗಿದನಾ?" ಷಡ್ಡಕ ಬಾಗಿಲಿಂದಲೇ ಕೇಳಿದ. "ನಾನಿದ್ದಾಗ ಬರೀ ಬಕೆಟ್ಟಿಗೆ ಉಗೀತಿದ್ದ."

"ಯಾರೋ ಅವನು?"

"ಗೊತ್ತಿದ್ರೆ ನಿಮ್ಮನ್ಯಾಕೆ ಕರೀತಿದ್ದೆ?"

ನನಗೆ ಮೈಯೆಲ್ಲ ಉರಿದುಹೋಯಿತು. ಮೊದಲೇ ಹೇಳದ್ದಕ್ಕೆ ಷಡ್ಡಕನನ್ನು ಬಾಯಿಗೆ ಬಂದಂತೆ ಬೈದೆ. ಆಮೇಲೆ ಇಬ್ಬರೂ ಸೇರಿ ಆ ಪೀಪಾಯಿಯನ್ನು ಉರುಳಿಸಿಕೊಂಡು ಹೋಗಿ ಪೂರ್ತಿ ಮೋರಿಗೆ ಸುರಿದೆವು.

ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಹಲ್ಲುಜ್ಜಿ ಬಾಯಿ ಮುಕ್ಕಳಿಸುತ್ತಿದ್ದೆ. ಅಡುಗೆಮನೆಯಿಂದ ಹೆಂಡತಿ ಕೂಗಿದಳು: "ಅದೇನ್ರೀ ಹಾಗೆ ಉಗೀತೀರಾ, ಯಾರ ಮೇಲೆ ಅಷ್ಟು ಸಿಟ್ಟು?"

ಬಾಯಲ್ಲಿದ್ದ ನೀರನ್ನು ನಾನಿನ್ನೂ ಉಗುಳಿರಲಿಲ್ಲ.