ಗೆರೆಯ ಮೇಲಿನ ಚಿಪ್ಪುಗಳು

ತಾನು ದಿನಾ ಕೂರುವ ಮೈಕ್ರೋಸ್ಕೋಪಿನ ಮುಂದೆ ಯಾರೋ ಅಪರಿಚಿತ ಬಗ್ಗಿ ಕೂತು ಬೆವರುತ್ತಿರುವುದನ್ನು ಕಂಡು ಯಶೋದಳಿಗೆ ಪಾಪ ಅನ್ನಿಸಿತು. ಕೊಳ್ಳೇಗಾಲದ ಏಪ್ರಿಲ್ ಬಿಸಿಲು, ಕಾಲೇಜಿನ ಲ್ಯಾಬಿಗೆ ಮೇಲೆ ತಗಡಿನ ಮಾಡು. ಉಪಕಾರ ಮಾಡೋಣವೆಂದು ಫ್ಯಾನಿನ ಸ್ವಿಚ್ ಒತ್ತಿದಳು.

"ಅಯ್ಯೋ! ಆಫ್ ಮಾಡ್ರೀ!" ಅವನು ಎರಡೂ ಕೈಗಳಿಂದ ತಟ್ಟೆಯನ್ನು ಮುಚ್ಚಿಕೊಂಡ. ಅಷ್ಟರಲ್ಲಿ ಬಿಳಿಯ ಪುಡಿ ಮೇಜಿನ ತುಂಬ ಹಾರಿಯಾಗಿತ್ತು.

"ಒಂದು ಚಿಟಿಕೆ ಧೂಳಿಗೆ ಇಷ್ಟೊಂದು ಗಲಾಟೆನಾ?"

"ಧೂಳಲ್ಲ ಕಣ್ರೀ. ಬೆಳಗ್ಗೆಯಿಂದ ಕೂತು ಆರಿಸಿಟ್ಟಿದ್ದು. ಲಕ್ಷಾಂತರ ವರ್ಷದ ಸಮುದ್ರಾನ ಹಾರಿಸ್ಬಿಟ್ರಲ್ಲ!"

ಅವನ ಹುಬ್ಬಿನ ಮೇಲೆ ಒಂದು ಬಿಳಿ ಕಣ ಅಂಟಿತ್ತು. "ಒಂಚೂರು ಸಮುದ್ರ ಅಲ್ಲೇ ಇದೆ ನೋಡಿ," ಎಂದಳು ಬೆರಳು ತೋರಿಸಿ. ಅವನಿಗೆ ಸಿಟ್ಟು ಉಳಿಸಿಕೊಳ್ಳಲಾಗಲಿಲ್ಲ.

ಅವನ ಹೆಸರು ಬಿಳಿಗಿರಿ. ಯಳಂದೂರಿನವನು. ಭೂವಿಜ್ಞಾನ ವಿಭಾಗಕ್ಕೆ ಆಗಷ್ಟೇ ಸೇರಿದ ಗೆಸ್ಟ್ ಲೆಕ್ಚರರ್. ಹನೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಯಶೋದಳೂ ಅದೇ ವಿಭಾಗದ ಗೆಸ್ಟ್ ಲೆಕ್ಚರರ್. ಅವನ ಪಿಎಚ್‌ಡಿಗೆಂದು ಗೈಡ್ ಕೊಟ್ಟಿದ್ದು ಸಮುದ್ರದ ತಳದಿಂದ ಕೊರೆದು ತೆಗೆದ ಕೆಸರು. ಅದನ್ನು ತೊಳೆದು ಸೋಸಿದರೆ ಫೊರಾಮಿನಿಫೆರಾ ಸಿಗುತ್ತವೆ: ಒಂದೇ ಜೀವಕೋಶದ ಜೀವಿಗಳು ಬಿಟ್ಟುಹೋದ, ಮರಳಿಗಿಂತ ಸಣ್ಣ ಚಿಪ್ಪುಗಳು. ಯಾವ ಪದರದಲ್ಲಿ ಯಾವ ಜಾತಿ ಹುಟ್ಟಿತು, ಯಾವ ಪದರದಲ್ಲಿ ಅಳಿಯಿತು ಎಂದು ಅವುಗಳಿಂದಲೇ ಓದಬೇಕು.

ಹಾರಿಸಿದ ತಪ್ಪಿಗೆ ಆರಿಸಿಕೊಡುತ್ತೇನೆಂದು ಯಶೋದ ಕೂತಳು. ಆಮೇಲೆ ತಪ್ಪು ಮರೆತುಹೋಯಿತು, ಕೂರುವುದು ಉಳಿಯಿತು. ಅವಳು ಬ್ರಶ್ಶಿನ ತುದಿಯನ್ನು ತುಟಿಗೆ ತಾಗಿಸಿ ಒದ್ದೆ ಮಾಡಿ, ಒಂದೊಂದೇ ಚಿಪ್ಪನ್ನು ಎತ್ತಿ ಸ್ಲೈಡಿನ ಮನೆಯಲ್ಲಿ ಕೂರಿಸುತ್ತಿದ್ದಳು. ಒಂದು ಮಧ್ಯಾಹ್ನ ಅವನು ಆ ಬ್ರಶ್ಶನ್ನು ಅವಳ ಕೈಯಿಂದ ತೆಗೆದುಕೊಂಡು, ಅವಳನ್ನೇ ನೋಡುತ್ತ, ಮೆಲ್ಲಗೆ ತನ್ನ ತುಟಿಗೆ ತಾಗಿಸಿಕೊಂಡ.

"ಅದಾಗಲೇ ಒದ್ದೆಯಿತ್ತು," ಎಂದಳು ಯಶೋದ.

"ಗೊತ್ತು," ಎಂದ.

ಆ ದಿನ ಹನೂರಿನವರೆಗೂ ಅವಳು ಬಸ್ಸಿನ ಕಿಟಕಿಯಾಚೆ ಒಂದು ಊರನ್ನೂ ಕಾಣಲಿಲ್ಲ.

ಭರಚುಕ್ಕಿ ಜಲಪಾತಕ್ಕೆ ಹೋದದ್ದು ಕಾವೇರಿ ಮೈದುಂಬಿದ ಕಾಲದಲ್ಲಿ. ನೀರಿನ ಸದ್ದಿಗೆ ಅವಳು ಅವನ ಕಿವಿಗೇ ಬಾಯಿಟ್ಟು ಹೇಳಬೇಕಾಯಿತು. ಹೇಳಬೇಕಾದ್ದು ಪ್ರೀತಿಯ ಮಾತಾಗಿರಲಿಲ್ಲ, ಆದರೂ ಅವಳ ಎದೆ ಹಾಗೆಯೇ ಹೊಡೆದುಕೊಳ್ಳುತ್ತಿತ್ತು.

"ನಿನ್ನ ಆ ಚಿಪ್ಪಿನ ಜಾತಿ ಒಂದೇ ಸಲಕ್ಕೆ ಅಳಿದಿಲ್ಲ ಬಿಳಿಗಿರಿ. ನೀನು ಗೆರೆ ಹಾಕಿದ್ದೀಯಲ್ಲ, ಇಲ್ಲಿಗೆ ಮುಗೀತು ಅಂತ, ಅದರ ಮೇಲಿನ ಪದರಗಳಲ್ಲೂ ಇವೆ. ನೀನು ಬಿಸಾಕೋಕೆ ಇಟ್ಟಿದ್ದ, ಜರಡಿಯಿಂದ ಕೆಳಗೆ ಬಿದ್ದ ಪುಡೀಲಿ. ಒಂದೊಂದು ಪದರಕ್ಕೂ ಚಿಕ್ಕದಾಗ್ತಾ ಆಗ್ತಾ ಹೋಗಿ, ಆಮೇಲೆ ಇಲ್ಲ."

ಅವನು ಅವಳ ಮುಖವನ್ನೇ ನೋಡಿದ. ತುಂತುರಿಗೆ ರೆಪ್ಪೆಗಳು ಒದ್ದೆಯಾಗಿದ್ದವು. "ನನ್ನ ಮದುವೆ ಆಗ್ತೀಯಾ?" ಎಂದ.

ಎರಡೂ ಮನೆಯವರು ಒಪ್ಪಿದರು. ಅವನ ತಾಯಿ ಪುಟ್ಟಗೌರಮ್ಮ ಹನೂರಿಗೆ ಬಂದು ಹೂ ಮುಡಿಸಿ ಹೋದರು.

ಆಮೇಲೆ ಕಾಲೇಜಿನಲ್ಲಿ ರಾಜ್ಯಮಟ್ಟದ ಸೆಮಿನಾರ್ ನಿಗದಿಯಾಯಿತು. ಹೊರಗಿನ ಸಂಸ್ಥೆಯೊಂದರ ಪ್ರೊಫೆಸರ್ ಸದಾಶಿವಪ್ಪ ಬರುವವರಿದ್ದರು. ಮುಂದಿನ ಸಂಶೋಧನಾ ಹಡಗಿಗೆ ಒಬ್ಬರನ್ನು ಆರಿಸುವವರು ಅವರೇ. ಆಹ್ವಾನ ಪತ್ರಿಕೆಯಲ್ಲಿ ಆ ಚಿಪ್ಪುಗಳ ಪ್ರಬಂಧದ ಕೆಳಗೆ ಒಂದೇ ಹೆಸರಿತ್ತು.

"ನನ್ನ ಹೆಸರು ಬಿಟ್ಟೋಗಿದೆ," ಎಂದಳು ಯಶೋದ, ಅಚ್ಚಿನ ತಪ್ಪೆಂದು ನಂಬಿ.

"ಮದುವೆ ಆದ್ಮೇಲೆ ನಂದು ನಿಂದು ಅಂತ ಬೇರೆ ಇರ್ತದಾ?"

"ಈಗಿನ್ನೂ ಆಗಿಲ್ವಲ್ಲ."

ಅವನು ನಕ್ಕು ಅವಳ ಕೆನ್ನೆ ಹಿಂಡಿದ. ಪಕ್ಕದಲ್ಲಿದ್ದ ಸಹೋದ್ಯೋಗಿ ದೀಪಳ ಕಡೆ ತಿರುಗಿ, "ನೋಡಿ ಮೇಡಂ, ಅಕ್ಕೀಲಿ ಕಲ್ಲು ಆರಿಸ್ಕೊಟ್ಟೋರೆಲ್ಲ ಊಟಕ್ಕೆ ಮುಂಚೆ ಹೆಸರು ಬರೆಸ್ಬೇಕಂತೆ," ಎಂದ. ದೀಪಳೂ ನಕ್ಕಳು. ಯಶೋದಳೂ ನಕ್ಕಳು.

ಸೆಮಿನಾರಿನ ದಿನ ಅವನು ಚೆನ್ನಾಗಿ ಮಾತಾಡಿದ. ಅವಳ ಮಾತುಗಳನ್ನೇ ಆಡಿದ. 'ಚಿಕ್ಕದಾಗ್ತಾ ಆಗ್ತಾ' ಎನ್ನುವುದನ್ನೂ ಹಾಗೆಯೇ. ಯಶೋದ ಮೂರನೆಯ ಸಾಲಿನಲ್ಲಿ ಕೈಕಟ್ಟಿ ಕೂತಿದ್ದಳು.

ಮಾತು ಮುಗಿದ ಮೇಲೆ ಸದಾಶಿವಪ್ಪ ಮೈಕ್ ಕೇಳಿ ಪಡೆದರು. "ಕೆಳಗಿನ ಪದರದ ಚಿಪ್ಪುಗಳೇ ಕದಡಿ ಮೇಲಕ್ಕೆ ಬಂದು ಸೇರಿರಬಹುದಲ್ಲ? ಅಲ್ಲ ಅನ್ನೋದಕ್ಕೆ ಏನು ಆಧಾರ?"

ಬಿಳಿಗಿರಿ ನೀರು ಕುಡಿದ. ಹಿಂದಿನ ಚಿತ್ರಕ್ಕೆ ಹೋದ, ಮುಂದಿನದಕ್ಕೆ ಬಂದ. ಆಮೇಲೆ ಮೂರನೆಯ ಸಾಲಿನ ಕಡೆ ತಿರುಗಿದ. ಅವನ ಕಣ್ಣುಗಳಲ್ಲಿ ಅಷ್ಟೊಂದು ಹಂಬಲವನ್ನು ಅವಳು ಭರಚುಕ್ಕಿಯಲ್ಲೂ ಕಂಡಿರಲಿಲ್ಲ. ಇಡೀ ಸಭಾಂಗಣದಲ್ಲಿ ಅವನಿಗೆ ಅವಳೊಬ್ಬಳೇ ಇದ್ದಳು.

ಉತ್ತರ ಅವಳಿಗೆ ಗೊತ್ತಿತ್ತು. ಅದನ್ನವಳು ಮೊದಲೇ ಪರೀಕ್ಷಿಸಿದ್ದಳು. ಆಹ್ವಾನ ಪತ್ರಿಕೆ ನೋಡಿದ ಮೇಲೆ ಅವನಿಗೆ ಹೇಳಲು ಬಾಯಿ ಬಂದಿರಲಿಲ್ಲ, ಅಷ್ಟೆ.

ಅವಳು ಅವನನ್ನೇ ನೋಡುತ್ತ ಸುಮ್ಮನೆ ಕೂತಳು.

"ಹಾಗಿದ್ರೆ ಇದು ಶೋಧ ಅಲ್ಲಪ್ಪ, ಬರೀ ಕೆಸರು," ಎಂದರು ಸದಾಶಿವಪ್ಪ. ಸಭೆ ಗೊಳ್ಳೆಂದಿತು.

ಊಟದ ಹೊತ್ತಿಗೆ ಬಿಳಿಗಿರಿ ಲ್ಯಾಬಿನಲ್ಲಿ ಗೋಡೆಗೊರಗಿ ನಿಂತಿದ್ದ. ಅವಳನ್ನು ಕಂಡು ಅವನ ಗಲ್ಲ ನಡುಗಿತು. "ನಿಂಗೆ ಗೊತ್ತಿತ್ತಾ?"

ಆ ನಡುಕ ಅವಳಿಂದ ನೋಡಲಾಗಲಿಲ್ಲ. ಹತ್ತಿರ ಹೋಗಿ ಅವನ ಅಂಗೈ ಹಿಡಿದುಕೊಂಡಳು. "ಕದಡಿ ಬಂದಿದ್ರೆ ಚಿಪ್ಪು ಸವೆದು, ಮುರಿದು, ಬಣ್ಣ ಕೆಟ್ಟಿರಬೇಕಿತ್ತು. ಇವು ಗಾಜಿನ ಹಾಗಿವೆ. ಇನ್ನೊಂದು, ಕೆಳಗಿನ ಪದರದಲ್ಲಿ ಅಳಿದುಹೋದ ಬೇರೆ ಜಾತಿಗಳೂ ಇವೆಯಲ್ಲ. ಬರೋದಿದ್ರೆ ಅವೂ ಜೊತೇಲಿ ಬರ್ಬೇಕಿತ್ತು. ಒಂದೂ ಬಂದಿಲ್ಲ."

ಅವನು ಗೋಡೆ ಬಿಟ್ಟು ನೆಟ್ಟಗಾದ. "ಪ್ರೊಫೆಸರ್ ಇನ್ನೂ ಊಟ ಮಾಡ್ತಿದ್ದಾರೆ."

"ಬಾ, ಇಬ್ರೂ ಹೋಗಿ ಹೇಳಾಣ," ಎಂದಳು ಯಶೋದ. ಆದರೆ ಅವನು ಅವಳ ಕೈಯಿಂದ ತನ್ನ ಕೈ ಬಿಡಿಸಿಕೊಂಡು ಆಗಲೇ ಓಡಿದ್ದ.

ಕಿಟಕಿಯಿಂದ ಎಲ್ಲವೂ ಕಾಣುತ್ತಿತ್ತು. ಶಾಮಿಯಾನದ ಕೆಳಗೆ ಅವನು ಪ್ರೊಫೆಸರರ ಮುಂದೆ ಬಗ್ಗಿ ನಿಂತ. ಒಂದು ಬೆರಳು ಮಡಿಸಿದ. ಎರಡನೆಯದನ್ನೂ ಮಡಿಸಿದ. ಸದಾಶಿವಪ್ಪ ತುತ್ತು ನಿಲ್ಲಿಸಿ ತಲೆಯೆತ್ತಿದರು, ಏನೋ ಕೇಳಿದರು, ಎಡಗೈಯಿಂದ ಅವನ ಭುಜ ತಟ್ಟಿ ಪಕ್ಕದ ಕುರ್ಚಿ ತೋರಿಸಿದರು. ಅವನು ಕೂತ. ಒಮ್ಮೆಯೂ ಲ್ಯಾಬಿನ ಕಡೆ ತಿರುಗಲಿಲ್ಲ.

ಅವನು ಬಂದದ್ದು ಎಲೆಗಳನ್ನೆಲ್ಲ ಎತ್ತಿದ ಮೇಲೆ. ಮುಖ ಹೊಳೆಯುತ್ತಿತ್ತು. "ಹಡಗಿಗೆ ನನ್ನೇ ಕಳಿಸ್ತಾರಂತೆ ಯಶೋ!" ಎಂದು ತಬ್ಬಿಕೊಂಡ. ಅವಳ ಮೈ ಅವಳ ಮಾತು ಕೇಳದೆ ಅವನ ಎದೆಗೆ ಒರಗಿತು.

ಅಲ್ಲಿಂದಲೇ ಕೇಳಿದಳು: "ನನ್ನ ಹೆಸರು ಹೇಳಿದ್ಯಾ?"

ತೋಳುಗಳು ಸಡಿಲವಾದವು. "ಆ ಗಡಿಬಿಡೀಲಿ... ಹೇಳ್ತೀನಿ ಬಿಡು, ಅದಕ್ಕೇನಂತೆ?"

"ಸ್ಟೇಜ್ ಮೇಲಿಂದ ನನ್ನ ನೋಡಿದ್ಯಲ್ಲ, ಆಗ ನನ್ನ ಜೀವಾನೇ ಬಾಯಿಗೆ ಬಂದಿತ್ತು. 'ಯಶೋದನ್ನ ಕೇಳಿ ಸರ್' ಅಂದಿದ್ರೆ ಸಾಕಿತ್ತು, ಎದ್ದು ನಿಂತು ಎಲ್ಲಾನೂ ಹೇಳ್ತಿದ್ದೆ. ನಿನ್ನ ಶೋಧ ಅಂತಾನೇ ಹೇಳ್ತಿದ್ದೆ. ಈ ಮದುವೆ ಬೇಡ ಬಿಳಿಗಿರಿ."

"ಇಷ್ಟಕ್ಕೆ ಮದುವೆ ಬೇಡ ಅಂತೀಯಾ?"

"ಹೂಂ."

"ಹುಚ್ಚಾ ನಿಂಗೆ? ನನ್ನ ಬಿಟ್ಟು ಇರೋಕಾಗ್ತದಾ ನಿಂಗೆ?"

"ಆಗಲ್ಲ," ಎಂದಳು. ಆದರೂ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಹೊರಟಳು. ಅವನು ಬಾಗಿಲಿನವರೆಗೂ ಬಂದು, ಪ್ರೊಫೆಸರರು ಹೊರಡುತ್ತಾರೆಂದು ಯಾರೋ ಕೂಗಿದ್ದಕ್ಕೆ ಆ ಕಡೆ ನಡೆದ.

ಸಂಜೆ ಹನೂರಿನ ಮನೆಯಲ್ಲಿ ತಾಯಿ ಮಾದೇವಮ್ಮ ಅವರೆಕಾಯಿ ಸುಲಿಯುತ್ತಿದ್ದಳು. "ಸೋಮ್ವಾರ ಕೊಳ್ಳೇಗಾಲ್ಕೆ ಓಗಿ ಸೀರೆ ತಕಂಡು ಬರಾನ್ವಾ? ಬೀಗ್ತಿ ಪೋನ್ ಮಾಡಿದ್ಲು."

"ಬ್ಯಾಡ ಕಣವ್ವ. ಮದುವೆ ಬ್ಯಾಡ ಅಂದ್ಬಿಟ್ಟು ಬಂದೆ."

ಮಾದೇವಮ್ಮನ ಕೈ ನಿಂತಿತು. "ಯಾಕವ್ವಾ? ಆ ಉಡ್ಗನ್ ಮ್ಯಾಲಿದ್ದ ಮನ್ಸು ಓಯ್ತಾ?"

ಯಶೋದ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಒಂದು ಕಾಯಿ ಎತ್ತಿಕೊಂಡಳು, ಸುಲಿಯಲಾಗಲಿಲ್ಲ.

"ಮನ್ಸು ಓಗಿಲ್ಲ ಕಣವ್ವ," ಎಂದಳು. "ಅದು ಓಯ್ತಾನೇ ಇಲ್ಲ."