ಗಾಯ ಮಾಗಿದ ಮೇಲೆ

ಬಸ್ ಓಡಿಸುವ ಗಂಡ ಲೇಸರ್ ಅಂದರೆ ಹೆದರುತ್ತಾನೆಂದೇ ಅವಳು ತಿಳಿದಿದ್ದಳು. ಡಾಕ್ಟರು ಬಿಡಿಸಿ ಹೇಳಿದ್ದರು: ಬೆನ್ನಿನ ಬುಡದ ಸೀಳಿನಲ್ಲಿ ಕೂದಲು ಚರ್ಮದೊಳಗೆ ಹೊಕ್ಕು ಕೀವು ಕಟ್ಟುತ್ತದೆ, ಎರಡು ಸಲ ಕೊಯ್ದಾಯಿತು, ಅಲ್ಲಿನ ಕೂದಲನ್ನು ಲೇಸರ್‌ನಿಂದ ತೆಗೆಸಿದರೆ ಮತ್ತೆ ಬರುವ ಸಂಭವ ಕಡಿಮೆ. ಆದರೂ ಅವನು ಡ್ಯೂಟಿಯ ನೆಪ ಹೇಳಿ ತಳ್ಳುತ್ತಲೇ ಬಂದಿದ್ದ.

ಅವಳೂ ಒತ್ತಾಯ ಮಾಡಲಿಲ್ಲ. ಅದರ ಕಾರಣ ಅವಳನ್ನು ದೆವ್ವದ ಹಾಗೆ ಕಾಡುತ್ತಿತ್ತು.

ಮದುವೆಯ ಹೊಸತರಲ್ಲಿ ಇಬ್ಬರ ಬಾಯಿಗೂ ಬೀಗ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಊರವರ ಕಣ್ಣೊಳಗೆ ಇಣುಕುವವಳು ಗಂಡನ ಕಣ್ಣು ಕಂಡರೆ ಮಾತ್ರ ತಲೆ ತಗ್ಗಿಸುತ್ತಿದ್ದಳು. ಮೊದಲ ಆಪರೇಷನ್ ಆದಾಗ ನರ್ಸಮ್ಮ ಡ್ರೆಸಿಂಗ್ ಕಲಿಸಿಕೊಟ್ಟರು. ಸಂಜೆ ಅವನು ದಿಂಬಿಗೆ ಮುಖ ಒತ್ತಿ ಬೋರಲು ಮಲಗುತ್ತಿದ್ದ; ಅವಳು ಗಾಯ ತೊಳೆದು ಹೊಸ ಪಟ್ಟಿ ಇಡುತ್ತಿದ್ದಳು. ಮುಖ ಕಾಣದ ಧೈರ್ಯಕ್ಕೆ ಮಾತು ಹೊರಟಿತು. ತಾಯಿ ತೀರಿಕೊಂಡ ದಿನದ ಸಂಗತಿಯನ್ನು ಅವನು ಹೇಳಿಕೊಂಡದ್ದು ಆಗಲೇ. "ಪ್ಯಾಸೆಂಜರ್‌ಗಳ ಥರ ನೀನೂ ನನ್ನನ್ನ ಹಿಂದಿನಿಂದಾನೇ ನೋಡೋ ಹಾಗಾಯ್ತಲ್ಲ" ಎಂದು ಕೆಣಕಿದ್ದೂ ಆಗಲೇ. ಅವಳು ನಕ್ಕ ಭರಕ್ಕೆ ಕೈ ತಪ್ಪಿ, ಅವನು ನೋವಿಗೆ ಹಲ್ಲು ಕಚ್ಚಿದ್ದ.

ಗಾಯ ಮಾಗಿತು. ಮಾತೂ ನಿಂತಿತು. ಸಂಜೆಯಾದರೆ ಮನೆ ಬಿಕೋ ಅನ್ನುತ್ತಿತ್ತು. ಇಲ್ಲದ ಔಷಧಿಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ಒಂದು ದಿನ ಅವನು ಕುರ್ಚಿಯ ಅಂಚಿಗೆ ಕೂತು ಮುಖ ಕಿವುಚಿದಾಗ, ಕೀವು ಮತ್ತೆ ಕಟ್ಟಿದೆ ಎಂದು ಹೊಳೆದು ಅವಳಿಗೆ ಸಂತೋಷವಾಯಿತು. ಒಂದೇ ಗಳಿಗೆ. ಅಂದಿನಿಂದ ಆ ರೋಗವನ್ನು ತಾನೇ ಕರೆದು ತಂದೆನೇನೋ ಎಂಬ ಭಯ ಅವಳ ನಿದ್ದೆ ತಿಂದಿತ್ತು.

ಎರಡನೆಯ ಗಾಯವೂ ಮಾಗಿದ ಮೇಲೆ ಡಾಕ್ಟರೇ ಗದರಿಸಿ ಲೇಸರ್‌ಗೆ ಕಳಿಸಿದರು. ಆ ಕೋಣೆಯಲ್ಲಿ ಅವನು ಬೋರಲು ಮಲಗಿದ. ಬೆಳಕು ತಾಗದಿರಲೆಂದು ಇಬ್ಬರಿಗೂ ಕಪ್ಪು ಕನ್ನಡಕ ಕೊಟ್ಟ ಟೆಕ್ನಿಷಿಯನ್, ಜೆಲ್ ತರಲು ಹೊರಗೆ ಹೋದಳು.

ದಿಂಬಿಗೆ ಒತ್ತಿದ ಗಂಡನ ತಲೆ ನೋಡಿ ಅವಳಿಗೆ ಅಳು ಒತ್ತರಿಸಿ ಬಂತು.

"ರೀ, ಅದು ಮತ್ತೆ ಬಂದಾಗ ನಂಗೆ ಖುಷಿಯಾಗಿತ್ತು. ನೀವು ಮಾತಾಡ್ತೀರಲ್ಲ ಅಂತ."

ಅವನು ದಿಂಬಿನಿಂದ ಮುಖ ಎತ್ತದೆಯೇ ಹೇಳಿದ:

"ನಾನು ಲೇಸರ್ ಯಾಕೆ ಮುಂದಕ್ಕೆ ಹಾಕ್ತಿದ್ದೆ ಅಂದ್ಕೊಂಡೆ? ಇದೂ ಹೋದ್ರೆ ನೀನು ನನ್ನ ಹತ್ರ ಬರೋದೇ ಇಲ್ಲ ಅನ್ನೋ ಭಯ ಕಣೇ."

ಮೊಣಕೈ ಊರಿ ಅವನು ಹೊರಳಿದ. ತನ್ನ ಕನ್ನಡಕ ತೆಗೆದ, ಅವಳದನ್ನೂ ತೆಗೆದ. ಅವಳು ತಲೆ ತಗ್ಗಿಸಲು ಹೋದಾಗ ಮೆಲ್ಲಗೆ ಗಲ್ಲ ಹಿಡಿದ.

"ನಂಗೆ ಗಾಯ ಬೇಡ, ನೀನು ಬೇಕು. ನೋಡು ಈ ಕಡೆ."

ಅವಳು ನೋಡಿದಳು. ಈ ಸಲ ಕಣ್ಣು ಕೀಳಲಿಲ್ಲ.

"ಇವತ್ತು ಸಂಜೆ ಏನು ಮಾತಾಡೋಣ?" ಅಂದಳು.