ಕಂದಕದಲ್ಲಿ ಕಿತ್ತಳೆ

ತೋಟ ನೋಡಲು ಹೋದವಳಿಗೆ ಅಲ್ಲಿ ತೋಟವೇ ಕಾಣಲಿಲ್ಲ. ತಿಂಗಳ ಹಿಂದೆ ಇನ್ನೂರು ಕಿತ್ತಳೆ ಸಸಿಗಳನ್ನು ಅವಳೇ ನರ್ಸರಿಯಿಂದ ಗಾಡಿಗೆ ಏರಿಸಿ ಕಳಿಸಿದ್ದಳು. ಈಗ ನೋಡಿದರೆ ಬಯಲು ಬಯಲಾಗಿಯೇ ಇತ್ತು. ಸಸಿ ಕೊಂಡ ಪುಣ್ಯಾತ್ಮ ಅಷ್ಟನ್ನೂ ಬೇರೆ ಯಾರಿಗೋ ಮಾರಿಕೊಂಡನೋ ಏನೋ ಎಂದು ಅವಳ ಪಿತ್ತ ನೆತ್ತಿಗೇರಿತು.

ಅಷ್ಟರಲ್ಲಿ ನೆಲದೊಳಗಿನಿಂದ ಒಬ್ಬ ಮನುಷ್ಯ ಎದ್ದು ನಿಂತ. ಮೊಣಕಾಲಿನವರೆಗೆ ಮಣ್ಣು, ಕೈಯಲ್ಲಿ ನೀರಿನ ಪೈಪು.

"ಬನ್ನಿ ಮೇಡಂ. ಎಲ್ಲರೂ ಕ್ಷೇಮ" ಎಂದ.

ಎಲ್ಲರೂ ಎಂದರೆ ಗಿಡಗಳು. ಹತ್ತಿರ ಹೋಗಿ ಬಗ್ಗಿ ನೋಡಿದಳು. ಹತ್ತು ಉದ್ದನೆಯ ಕಂದಕಗಳು, ಒಂದೊಂದರಲ್ಲೂ ಇಪ್ಪತ್ತು ಸಸಿಗಳು. ಬುಡದಲ್ಲಿ ಕಸಿ ಕಟ್ಟಿದ ಗಂಟನ್ನೂ ದಾಟಿ ಮಣ್ಣು ತುಂಬಿ, ಚೆನ್ನಾಗಿ ತುಳಿದು ಕೂರಿಸಿದ್ದ. ಆ ಗಂಟು ನೆಲದಿಂದ ಒಂದು ಗೇಣು ಮೇಲಿರಬೇಕು. ಮಣ್ಣು ತಾಗಿದರೆ ಬುಡ ಕೊಳೆತು ಗಿಡವೇ ಹೋಗುತ್ತದೆ. ಬೇಸಾಯ ಗೊತ್ತಿದ್ದ ಯಾರೂ ಮಾಡುವ ತಪ್ಪಲ್ಲ ಇದು.

"ಇಷ್ಟು ಆಳಕ್ಕೆ ಯಾಕೆ ನೆಟ್ರಿ?"

"ಇಲ್ಲಿ ಗಾಳಿ ಜಾಸ್ತಿ. ತಲೆ ಮೇಲೆ ಕಾಣದೇ ಇದ್ರೆ ಸೇಫು ಅಂತ..." ಎಂದವನು ಅರ್ಧಕ್ಕೇ ನಿಲ್ಲಿಸಿದ. ತಾನು ಆಡಿದ ಮಾತು ತನಗೇ ಅರ್ಥವಾಗಿ ಅವನ ಮುಖ ಸಪ್ಪಗಾಯಿತು.

ಬೈಯಲು ಬಾಯಿ ತೆರೆದಿದ್ದವಳು ಬೈಗುಳ ನುಂಗಿ ಬುಡದ ಮಣ್ಣು ಸರಿಸತೊಡಗಿದಳು. ಎರಡು ವರ್ಷ ಗಡಿಯ ಕಂದಕಗಳಲ್ಲಿ ಯುದ್ಧ ಮಾಡಿ ಬಂದವನು, ಊರಿಗೆಲ್ಲ 'ಮಿಲಿಟರಿ' ಎಂದೇ ಪರಿಚಯ. ಮನೆಯವರೆಂದು ಹೇಳಿಕೊಳ್ಳಲು ಯಾರೂ ಇಲ್ಲ. ಗಿಡಗಳು ಉಳಿಯುತ್ತವಾ ಎಂದು ಅವನು ಮೆಲ್ಲಗೆ ಕೇಳಿದ. ಉಳಿಯದಿದ್ದರೆ ಪಟ್ಟಣದಲ್ಲಿ ಸ್ನೇಹಿತನ ಕಾರ್ಖಾನೆಯಲ್ಲಿ ಗೇಟು ಕಾಯುವ ಕೆಲಸ ಇದೆಯಂತೆ, ಹೋಗಿಬಿಡುತ್ತಾನಂತೆ. ಯಾರೋ ಏನೋ ಆದ ಈ ಮನುಷ್ಯ ಎಲ್ಲಿಗಾದರೂ ಹೋದರೆ ತನಗೇನು ಎಂದುಕೊಂಡಳು. ಆದರೂ ಆ ಮಾತು ಅವಳಿಗೆ ಒಂದಿಷ್ಟೂ ಹಿಡಿಸಲಿಲ್ಲ.

ಮರುದಿನ ಬೆಳಿಗ್ಗೆ ಸ್ಕೂಟರಿನಲ್ಲಿ ಮತ್ತೆ ಬಂದಳು. ಬೇರಿನ ಸುತ್ತಲ ಮಣ್ಣು ಒಡೆಯದಂತೆ ಸಸಿಯನ್ನು ಎತ್ತುವುದು, ಕಂದಕ ಮುಚ್ಚುವುದು, ದಿಬ್ಬ ಮಾಡಿ ಗಂಟು ಮೇಲೆ ಬರುವಂತೆ ಮತ್ತೆ ನೆಡುವುದು. ಅವನು ಅಗೆದರೆ ಅವಳು ಎತ್ತಿದಳು. ಒದ್ದೆ ಬಟ್ಟೆಯಲ್ಲಿ ಅವಳು ಗಂಟು ಒರೆಸುವಾಗ ಅವನು ಹಾರೆ ಊರಿ ಅವಳ ಬೆರಳುಗಳನ್ನೇ ನೋಡುತ್ತ ನಿಲ್ಲುತ್ತಿದ್ದ. ಅವಳು ತಲೆ ಎತ್ತಿದರೆ ಸಾಕು, ಆಕಾಶದಲ್ಲಿ ಭಾರೀ ಕೆಲಸವಿದ್ದವನ ಹಾಗೆ ಮೇಲೆ ನೋಡುತ್ತಿದ್ದ. ಮೋಡವೇ ಇಲ್ಲದ ದಿನ ಅಷ್ಟೊಂದು ನೋಡುವುದೇನಿತ್ತು ಎಂದು ಅವಳು ಕೇಳಿದ್ದಕ್ಕೆ ಅವನ ಕಿವಿಯವರೆಗೂ ಕೆಂಪೇರಿತು.

ಆಳು ಹಚ್ಚಿದ್ದರೆ ನಾಲ್ಕು ದಿನದ ಕೆಲಸ. ಆಳುಗಳು ಸಿಗುತ್ತಿಲ್ಲ ಎಂದು ದೊಡ್ಡಮ್ಮನಿಗೆ ಕಾಗೆ ಹಾರಿಸಿದಳು. ನರ್ಸರಿ ದೊಡ್ಡಮ್ಮನದು, ತಾಯಿಯಿಲ್ಲದ ಇವಳನ್ನು ಸಾಕಿ, ಕೈಗೆ ಕಸಿ ಚಾಕು ಕೊಟ್ಟವಳೂ ಅವಳೇ. ಮೂವತ್ತನಾಲ್ಕಾದರೂ ಇವಳಿಗೆ ಮದುವೆಯಾಗಿಲ್ಲ ಎಂಬುದೊಂದೇ ಆಕೆಯ ಕೊರಗು. ಬಂದ ಎರಡು ಸಂಬಂಧದವರೂ ಆ ಚಾಕು ಬಿಡಬೇಕು ಅಂದಿದ್ದರು, ಇವಳು ಅವರನ್ನೇ ಬಿಟ್ಟಿದ್ದಳು. ಏಳನೆಯ ದಿನ ದೊಡ್ಡಮ್ಮ ಹೊಸ ಸುದ್ದಿ ಹೇಳಿದಳು. ಬರುವ ಭಾನುವಾರ ಇನ್ನೊಬ್ಬರು ನೋಡಲು ಬರುತ್ತಾರೆ. ಹುಡುಗನದ್ದೇ ಸ್ವಂತ ನರ್ಸರಿ, ಚಾಕು ಬಿಡು ಅನ್ನುವವನಲ್ಲ, ಹೆಸರಿಡಲು ಒಂದು ಕುಂದೂ ಇಲ್ಲ. ಬೇಡ ಎನ್ನಲು ಈ ಸಲ ಇವಳಿಗೆ ಕಾರಣವೇ ಇರಲಿಲ್ಲ. ಇದ್ದ ಒಂದೇ ಕಾರಣ ಹಾರೆ ಹಿಡಿದು ಆಕಾಶ ನೋಡುತ್ತಿತ್ತು, ಬಾಯಿ ಮಾತ್ರ ಬಿಡುತ್ತಿರಲಿಲ್ಲ.

ಶನಿವಾರ ಸಂಜೆಗೆ ಇನ್ನೂರನೆಯ ಗಿಡ ಮೇಲೆ ಬಂತು. ಮೊದಲ ಸಾಲುಗಳಲ್ಲಿ ಆಗಲೇ ಎಳೆ ಚಿಗುರು ಹೊರಟಿತ್ತು. ಇಬ್ಬರೂ ಕೊಳವೆಬಾವಿಯ ತೊಟ್ಟಿಯಲ್ಲಿ ಕೈ ತೊಳೆದರು. ನಾಳೆ ತನ್ನನ್ನು ನೋಡಲು ಬರುತ್ತಾರೆ ಎಂದು ಅವಳು ಹೇಳಿದಳು. ಅವನು ಬಹಳ ಹೊತ್ತು ಉಗುರಿನ ಮಣ್ಣು ತೆಗೆಯುತ್ತಲೇ ಇದ್ದ.

"ಒಳ್ಳೇದಾಗ್ಲಿ ಮೇಡಂ" ಎಂದ ಕೊನೆಗೆ.

ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಸ್ಕೂಟರಿನವರೆಗೆ ದಡದಡ ನಡೆದಳು, ಕೀ ಹಾಕಿದಳು, ಕೀ ತೆಗೆದಳು, ಅಷ್ಟೇ ವೇಗವಾಗಿ ವಾಪಸ್ ಬಂದಳು.

"ನೀರು ಎಷ್ಟು ಬಿಡ್ಲಿ, ಗೊಬ್ಬರ ಯಾವಾಗ ಹಾಕ್ಲಿ, ಎಲ್ಲಾ ನನ್ನನ್ನೇ ಕೇಳ್ತೀರಿ. ಇದೊಂದನ್ನ ಯಾಕೆ ಕೇಳಲ್ಲ?"

ಅವನು ಮೊದಲ ಬಾರಿಗೆ ಅವಳನ್ನು ನೇರವಾಗಿ ನೋಡಿದ. "ನಾನು ನಿದ್ದೇಲಿ ಕೂಗಾಡ್ತೀನಿ. ಬಾಗಿಲು ಡಬ್ ಅಂದ್ರೆ ನೆಲಕ್ಕೆ ಬೀಳ್ತೀನಿ. ಎಡಗಿವಿ ಕೇಳಿಸಲ್ಲ. ಇಂಥೋನ ಜೊತೆ ನಿಮಗ್ಯಾಕೆ..."

"ಎಡಗಿವಿ ವಿಷಯ ಎರಡನೇ ದಿನಾನೇ ಗೊತ್ತಾಯ್ತು. ಅವತ್ತಿಂದ ನಿಮ್ಮ ಬಲಗಡೆಗೇ ನಿಂತು ಮಾತಾಡ್ತಿದೀನಿ. ನೋಡಿಲ್ವಾ?"

"ನೋಡಿದೀನಿ" ಎಂದ. "ಅವತ್ತಿಂದಲೇ ನನಗೆ ಭಯ. ನೀವು ಬರೋದು ನಿಂತುಹೋದ್ರೆ ಏನು ಮಾಡ್ಲಿ ಅಂತ."

"ಹಾಗಾದ್ರೆ ಕೇಳಿ."

"ನನ್ನ ಮದುವೆ ಆಗ್ತೀರಾ?"

"ಆಗ್ತೀನಿ" ಎಂದಳು. ಇಷ್ಟು ಚಿಕ್ಕ ಮಾತಿಗೆ ಹನ್ನೊಂದು ದಿನ ಬೇಕಾಯಿತಲ್ಲ ಎಂದು ಇಬ್ಬರಿಗೂ ನಗು ಬಂತು. ಅವನು ಅವಳ ಒದ್ದೆ ಕೈಯನ್ನು ತನ್ನ ಎರಡೂ ಅಂಗೈಗಳ ನಡುವೆ ಹಿಡಿದ, ಬಿಡುವುದನ್ನೇ ಮರೆತ. ಅವಳೂ ನೆನಪಿಸಲು ಹೋಗಲಿಲ್ಲ.

ಮನೆಗೆ ಬರುವ ದಾರಿಯುದ್ದಕ್ಕೂ ದೊಡ್ಡಮ್ಮನಿಗೆ ಹೇಗೆ ಹೇಳುವುದೆಂದು ಮಾತು ಜೋಡಿಸಿಕೊಂಡಳು. ಬಾಗಿಲಲ್ಲೇ ಎಲ್ಲ ಮರೆತುಹೋಯಿತು. ನಾಳೆ ಬರುವವರಿಗೆ ಬೇಡ ಎಂದು ಫೋನ್ ಮಾಡಲೇಬೇಕು, ತಾನು ಮಿಲಿಟರಿಯವರನ್ನೇ ಮದುವೆಯಾಗುವುದು ಎಂದು ಒಂದೇ ಉಸಿರಿಗೆ ಹೇಳಿ, ಬೈಗುಳಕ್ಕೆ ತಲೆ ತಗ್ಗಿಸಿ ನಿಂತಳು.

ದೊಡ್ಡಮ್ಮ ಬೀಜ ಆರಿಸುವ ಕೈ ನಿಲ್ಲಿಸಲಿಲ್ಲ. "ಅವರಿಗೆ ಬುಧವಾರನೇ ಬೇಡ ಅಂತ ಹೇಳಿ ಆಯ್ತು. ಮಣ್ಣು ಮೆತ್ಕೊಂಡು ಹಾಡ್ಕೊಂಡು ಮನೆಗೆ ಬರೋಳನ್ನ ಇನ್ಯಾರಿಗೆ ತೋರಿಸ್ಲಿ?"

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವಿಬ್ರೂ ಇನ್ನೊಂದು ತಿಂಗಳು ಅಲ್ಲೇ ಅಗೀತಾ ಇರ್ತಿದ್ರಿ" ಎಂದಳು ದೊಡ್ಡಮ್ಮ. "ಹೋಗು, ಕೈಕಾಲು ತೊಳ್ಕೊ. ಅವನಿಗೆ ನಾಳೆ ಊಟಕ್ಕೆ ಬರೋಕೆ ಹೇಳು."